ಉಳಿದ ಮದ್ದು ಕೇಳಿಕೊಂಡು ಬರುವ ವಾಪಸ್ಸಕ್ಕ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೆಯ ಮಹಡಿಯ ಮನೆಯೊಂದರ ಮುಂದೆ ಅವರು ನಿಂತಿದ್ದಾರೆ. ಕರೆಗಂಟೆ ಕೈಗೆಟಕುವಂತಿದೆ, ಆದರೆ ಒತ್ತುವುದಿಲ್ಲ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಸಾವಾದ ಮನೇಲಿ ಬೆಲ್ ಮಾಡಬಾರ್ದು ಮೇಡಂ," ಎಂದು, ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ ಪಿಸುಗುಡುತ್ತಾರೆ. "ಒಳಗಿರೋರಿಗೆ ಒಂದು ಕ್ಷಣ, ಹೋದೋರೇ ಬಂದ್ರೇನೋ ಅನ್ಸುತ್ತೆ. ಓಡಿ ಬಂದು ಬಾಗಿಲು ತೆಗೆದ್ರೆ ನನ್ನ ಮುಖ. ಪಾಪ ಅಲ್ವಾ?"

ಇವರು ಆಸ್ಪತ್ರೆಯೊಂದರಲ್ಲಿ ಸಹಾಯಕಿ. ವಾಸಿಯಾಗದ ಕಾಯಿಲೆಯಿಂದ ಮನೆಯಲ್ಲೇ ಮಲಗಿರುವವರಿಗೆ ಆ ಆಸ್ಪತ್ರೆ ನೋವಿನ ಮದ್ದು ಕೊಡುತ್ತದೆ. ಕೆಲವರಿಗೆ ಮಾರ್ಫಿನ್ ಮಾತ್ರೆ, ಕೆಲವರಿಗೆ ಅದಕ್ಕಿಂತ ಬಹಳ ತೀಕ್ಷ್ಣವಾದ, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ. ರೋಗಿ ತೀರಿಕೊಂಡ ಮೇಲೆ ಉಳಿದದ್ದನ್ನು ಕೇಳಿ ಪಡೆದು ಆಸ್ಪತ್ರೆಗೆ ಮುಟ್ಟಿಸುವುದು ಇವರ ಕೆಲಸ. ಔಷಧಿ ಕೌಂಟರಿನವರು ತಮಾಷೆಗೆ ವಾಪಸ್ಸಕ್ಕ ಎಂದರು. ಈಗ ವೈದ್ಯರೂ ಹಾಗೆಯೇ ಕರೆಯುತ್ತಾರೆ.

ಬಾಗಿಲು ತೆರೆದವರು ತೀರಿಕೊಂಡವರ ತಂಗಿ. ತಲೆ ಕೆದರಿದೆ, ಕಣ್ಣು ಊದಿದೆ.

"ಆಸ್ಪತ್ರೆಯಿಂದ ಬಂದಿದ್ದೀನಮ್ಮ. ಅಣ್ಣನೋರ ಔಷಧಿ ಏನಾದ್ರೂ ಉಳಿದಿದ್ರೆ..."

"ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ಮಾತ್ರ ನೀವು ಟೈಮಿಗೆ ಸರಿಯಾಗಿ ಬರ್ತೀರ ನೋಡಿ."

"ಏನ್ಮಾಡ್ಲಮ್ಮ, ಬಸ್ಸು ಇವತ್ತೇ ಸರಿಯಾಗಿ ಬಂದ್ಬಿಡ್ತು."

ತಂಗಿಯ ತುಟಿಯಂಚಿನಲ್ಲಿ ನಗು ಬಂದೂ ಬಾರದಂತಾಗುತ್ತದೆ. "ಒಳಗೆ ಬನ್ನಿ. ಅತ್ತಿಗೆ ಮಲಗಿದಾರೆ, ಮೆಲ್ಲಗೆ ಮಾತಾಡಿ. ಅಣ್ಣ ಹೋದ ಮೇಲೆ ಇವತ್ತೇ ನೋಡಿ ಕಣ್ಣು ಮುಚ್ಚಿದ್ದು," ಎನ್ನುತ್ತಾ ಔಷಧಿಯ ಡಬ್ಬಿ ಹುಡುಕಲು ಅಡುಗೆಮನೆಗೆ ಹೋಗುತ್ತಾರೆ.

ತೀರಿಕೊಂಡ ಯಜಮಾನ ಗೋಡೆಗಳಿಗೆ ಬಣ್ಣ ಬಳಿಯುವ ಪೇಂಟರ್ ಆಗಿದ್ದವರು. ಕುಂಚಗಳು ಕಿಟಕಿಯ ಬಳಿ ಇನ್ನೂ ನೇತಾಡುತ್ತಿವೆ. ಮನೆಯ ಗೋಡೆಗಳ ಬಣ್ಣ ಮಾತ್ರ ಮಾಸಿ ಯಾವ ಬಣ್ಣವೆಂದು ಹೇಳಲಾಗದಂತಿದೆ. ವಾಪಸ್ಸಕ್ಕ ಕುರ್ಚಿಯ ತುದಿಯಲ್ಲಿ ಕುಳಿತು ಒಂದೊಂದನ್ನೇ ನೋಡುತ್ತಾರೆ. ಅದು ಅವರ ಅಭ್ಯಾಸ. ಮೊದಲು ವಾರ್ಡಿನಲ್ಲಿ ಆಯಾ ಆಗಿದ್ದಾಗ ರೋಗಿಗಳ ಜೊತೆ ಹರಟುತ್ತಿದ್ದರು, ಅವರ ಜಗಳ, ಸಿಡುಕು, ಚೇಷ್ಟೆಗಳೆಲ್ಲ ಗೊತ್ತಿರುತ್ತಿದ್ದವು. ಬೆನ್ನು ಹಿಡಿದುಕೊಂಡ ಮೇಲೆ ಎತ್ತಿ ಇಳಿಸುವ ಕೆಲಸ ಆಗಲಿಲ್ಲ, ಈ ಕೆಲಸಕ್ಕೆ ಹಾಕಿದರು. ಈಗ ಬೆಳಿಗ್ಗೆ ಎರಡು ಮೂರು ಮನೆ.

"ಎಲ್ಲಾ ಮನೇಲೂ ಮಂಚ ಖಾಲಿ ಮೇಡಂ. ಚಪ್ಪಲಿ ನೋಡ್ತೀನಿ, ಕನ್ನಡಕ ನೋಡ್ತೀನಿ. ಇವರು ಜೋರಾಗಿ ನಗ್ತಿದ್ರೇನೋ, ಇವರಿಗೆ ಕೋಪ ಜಾಸ್ತಿಯೇನೋ ಅಂತ ಅಂದಾಜು ಮಾಡ್ತೀನಿ. ಒಂದೇ ಒಂದು ಸಲ ಮಾತಾಡ್ಸೋಕೆ ಸಿಕ್ಕಿದ್ರೆ ಅನ್ಸುತ್ತೆ. ವಾರ್ಡಿನ ಗಲಾಟೆ ಕಿವೀಲೇ ಇದೆ."

ಬೈಗುಳ ಹೊಸದಲ್ಲ. ಇವಳು ಮದ್ದು ಮಾರಿಕೊಳ್ಳುತ್ತಾಳೆ ಎಂದವರಿದ್ದಾರೆ. ಹಾಗೆ ಅನ್ನದಿರಲೆಂದೇ ಎಲ್ಲವನ್ನೂ ಮನೆಯವರ ಎದುರಿಗೇ ಎಣಿಸಿ ಚೀಲಕ್ಕೆ ಹಾಕುತ್ತಾರೆ. ಉಳಿದ ಮಾತ್ರೆಯನ್ನು ಪಕ್ಕದ ಮನೆಯ ಸೊಂಟನೋವಿಗೆ ಕೊಟ್ಟವರೂ ಇದ್ದಾರೆ. ಉಪಕಾರ ಮಾಡಿದೆವೆಂದೇ ಅವರು ತಿಳಿದಿರುತ್ತಾರೆ.

ತಂಗಿ ಡಬ್ಬಿ ತರುತ್ತಾರೆ. ಪೊಟ್ಟಣ ಒಡೆಯದ ಪಟ್ಟಿಗಳ ಲೆಕ್ಕ ಸರಿಯಾಗಿದೆ. ವಾಪಸ್ಸಕ್ಕ ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆಯನ್ನು ಇಲ್ಲಿಯೂ ಕೇಳುತ್ತಾರೆ.

"ಕೊನೇಲಿ ಮೈ ಮೇಲಿತ್ತಲ್ಲ, ಆ ಪಟ್ಟಿ ಎಲ್ಲಮ್ಮ?"

"ಆ ಹಳೇ ಪ್ಲಾಸ್ಟರಾ? ಅತ್ತಿಗೇನೇ ಕಿತ್ತಿದ್ದು. ಬಿಸಾಕಿರ್ಬೇಕು. ಖಾಲಿ ಪ್ಲಾಸ್ಟರ್ ಇಟ್ಕೊಂಡು ಏನ್ಮಾಡ್ತಾರೆ?"

ಪ್ಲಾಸ್ಟರ್. ಎಲ್ಲ ಮನೆಗಳಲ್ಲೂ ಇದೇ ಮಾತು. ಅಂಗಡಿಯಲ್ಲಿ ಉಳುಕಿಗೆ ಸಿಗುವ ಪ್ಲಾಸ್ಟರಿನ ಹಾಗೆಯೇ ಕಾಣುವುದರಿಂದ ಆ ಹೆಸರು ಅಂಟಿಕೊಂಡಿದೆ. ಆ ಹೆಸರಿನ ಜೊತೆ, ಬಳಸಿದ ಮೇಲೆ ಖಾಲಿ ಎಂಬ ನಂಬಿಕೆಯೂ ಅಂಟಿಕೊಂಡಿದೆ. ಖಾಲಿ ಅಲ್ಲ. ದಿನಗಟ್ಟಲೆ ಮೈಮೇಲಿದ್ದ ಪಟ್ಟಿಯಲ್ಲೂ ಮದ್ದು ಸಾಕಷ್ಟು ಉಳಿದಿರುತ್ತದೆ.

ಒಳಕೋಣೆಯಿಂದ ಗೊರಕೆ ಕೇಳುತ್ತದೆ. ತಂಗಿ ಹೇಳುತ್ತಾರೆ: "ಕೇಳಿ, ಅಣ್ಣನ್ನೇ ಮೀರಿಸಿದ್ರು."

"ಮುಂಚೆಯಿಂದಾನೂ ಹೀಗೇನಾ?"

"ಇಲ್ಲಪ್ಪ, ಅತ್ತಿಗೆ ಬೆಕ್ಕಿನ ಥರ. ಮಲಗಿದ್ರೆ ಇದಾರೋ ಇಲ್ವೋ ಗೊತ್ತಾಗಲ್ಲ."

ವಾಪಸ್ಸಕ್ಕ ಎದ್ದುಬಿಟ್ಟಿದ್ದಾರೆ. ಗೊರಕೆ ನಿಂತಿದೆ. ನಿಂತೇ ಇದೆ. ಆಮೇಲೆ ಎಲ್ಲೋ ಆಳದಿಂದೆಂಬಂತೆ ಮತ್ತೊಂದು ಉಸಿರು.

ಕೋಣೆಯಲ್ಲಿ ಪೇಂಟರರ ಹೆಂಡತಿ ಮಂಚದ ಒಂದು ಬದಿಗೆ ಮಲಗಿದ್ದಾರೆ, ಇನ್ನೊಂದು ಬದಿ ಹಾಗೆಯೇ ಬಿಟ್ಟಿದ್ದಾರೆ. ಭುಜದ ಮೇಲೆ ಬಿಸಿನೀರಿನ ಚೀಲ. ಅದನ್ನು ಸರಿಸಿದರೆ ಕೆಳಗೆ ಗಂಡನ ಮೈಯಿಂದ ಕಿತ್ತ ಪಟ್ಟಿ. ಅಂಟು ಹೋಗಿದ್ದರಿಂದ ಸುತ್ತ ಟೇಪು ಹಚ್ಚಿದೆ. ಅವರು ತೀರಿಕೊಳ್ಳುವ ಹಿಂದಿನ ದಿನವಷ್ಟೇ ಹೊಸದಾಗಿ ಅಂಟಿಸಿದ್ದ ಪಟ್ಟಿ ಅದು. ವಾಪಸ್ಸಕ್ಕ ಕೈಗವಸು ಹಾಕಿ ಅದನ್ನು ಕಿತ್ತು ಪಕ್ಕಕ್ಕಿಡುತ್ತಾರೆ. ರೆಪ್ಪೆ ಎತ್ತಿ ನೋಡಿದರೆ ಕಣ್ಣಪಾಪೆ ಸೂಜಿಮೊನೆಯಷ್ಟಿದೆ.

"ಆಂಬುಲೆನ್ಸಿಗೆ ಫೋನ್ ಮಾಡಿ, ಮದ್ದಿನ ಪಟ್ಟಿ ಅಂಟಿಸ್ಕೊಂಡಿದ್ರು, ಉಸಿರು ನಿಧಾನ ಆಗಿದೆ ಅಂತ ಹೇಳಿ. ಅಮ್ಮಾ! ಅಮ್ಮಾ, ಉಸಿರು ತಗೊಳ್ಳಿ. ಇನ್ನೊಂದು. ನಿದ್ದೆ ಆಮೇಲೆ ಮಾಡೋಣ. ತಗೊಳ್ಳಿ, ಇನ್ನೊಂದು."

ವಾಹನ ಬರುವವರೆಗೂ ಅವರನ್ನು ಒಂದು ಮಗ್ಗುಲಾಗಿಸಿ, ಭುಜವನ್ನು ಬರೀ ನೀರಿನಿಂದ ತೊಳೆದು, ಒಂದೊಂದೇ ಉಸಿರನ್ನು ಕೇಳಿ ಪಡೆಯುತ್ತಾರೆ. ಪಟ್ಟಿಯನ್ನು ಅಂಟಿನ ಬದಿ ಒಳಗೆ ಬರುವಂತೆ ಮಡಿಸಬೇಕು, ಯಾರ ಕೈಗೂ ತಗಲಬಾರದು. ಮಡಿಸುವ ಮುನ್ನ ಅವರ ಕೈ ಕೊಂಚ ತಡೆಯುತ್ತದೆ. ಆಮೇಲೆ ಮಡಿಸುತ್ತಾರೆ.

ಆಸ್ಪತ್ರೆಯಲ್ಲಿ ಮದ್ದಿನ ಪರಿಣಾಮ ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಪಟ್ಟಿ ತೆಗೆದ ಮೇಲೂ ಚರ್ಮದಡಿ ಉಳಿದ ಮದ್ದು ಗಂಟೆಗಟ್ಟಲೆ ರಕ್ತಕ್ಕೆ ಇಳಿಯುತ್ತಲೇ ಇರುವುದರಿಂದ ಮರುದಿನದವರೆಗೆ ಮನೆಗೆ ಬಿಡುವಂತಿಲ್ಲ. ಬಿಸಿ ತಗುಲಿದರೆ ಅದು ಇನ್ನೂ ಬೇಗ ಇಳಿಯುತ್ತದೆ ಎನ್ನುತ್ತಾರೆ ವೈದ್ಯೆ. ಆ ಮದ್ದಿಗೆ ಒಗ್ಗಿಕೊಂಡಿದ್ದ ದೇಹದ ನೋವು ತಗ್ಗಿಸಿದ ಪಟ್ಟಿಯೇ, ಒಗ್ಗದ ದೇಹದ ಉಸಿರು ನಿಲ್ಲಿಸಬಲ್ಲದು. ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಅಪಾಯ ಹೆಚ್ಚು.

ಹಾಗೆಂದು ಇದನ್ನು ಓದಿ ಯಾರೂ ಮನೆಯ ರೋಗಿಯ ಪಟ್ಟಿಯನ್ನು ಗಾಬರಿಯಿಂದ ಕೀಳಬಾರದು, ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ವೈದ್ಯೆಯನ್ನು ಎರಡೆರಡು ಸಲ ಕೇಳಿಯೇ ಈ ಸಾಲು ಬರೆದಿದೆ. ಹೇಳಿದ ಪ್ರಮಾಣದಲ್ಲಿ, ಬರೆದುಕೊಟ್ಟವರಿಗೇ ಕೊಟ್ಟರೆ ಇದು ದೊಡ್ಡ ಆಸರೆ. ಪೇಂಟರ್ ಕೊನೆಯ ವಾರಗಳಲ್ಲಿ ದಿಂಬಿಗೊರಗಿ ಹೆಂಡತಿಯೊಡನೆ ಮಾತಾಡುವಂತಾಗಿದ್ದು ಈ ಮದ್ದಿನಿಂದಲೇ.

ಮರುದಿನ ಬೆಳಿಗ್ಗೆ ಬೇರೆ ಮನೆಗಳಿಗೆ ಹೊರಡುವ ಮೊದಲು ವಾಪಸ್ಸಕ್ಕ ವಾರ್ಡಿಗೆ ಬರುತ್ತಾರೆ. ಪೇಂಟರರ ಹೆಂಡತಿ ಎದ್ದು ಕುಳಿತಿದ್ದಾರೆ. ನಾದಿನಿ ಪರಿಚಯ ಮಾಡಿಸುವ ಮೊದಲೇ ಕೈಯಲ್ಲಿನ ಚೀಲ ನೋಡಿ ಗುರುತು ಹಿಡಿಯುತ್ತಾರೆ.

"ಎಲ್ಲೇ ನನ್ನ ಪ್ಲಾಸ್ಟರು?"

"ಕೌಂಟರಿಗೆ ಕೊಟ್ಬಿಟ್ಟೆ ಅಮ್ಮ. ಅದನ್ನ ನಾಶ ಮಾಡ್ತಾರೆ."

"ಯಾರನ್ನ ಕೇಳಿ ಕೊಟ್ಟೆ? ಅದರಲ್ಲಿ ಅವರ ಭುಜದ ಕೂದಲು ಒಂದು ಅಂಟಿತ್ತು. ಇವಳು ಬಟ್ಟೆ ಎಲ್ಲಾ ಒಗೆದ್ಬಿಟ್ಲು, ಹಾಸಿಗೆ ಬಿಸಿಲಿಗೆ ಹಾಕಿದ್ಲು. ಅವರ ಮೈದು ಅಂತ ಇನ್ನೇನಿತ್ತು? ಭುಜಕ್ಕೆ ಹಚ್ಕೊಂಡ್ರೆ ಪಕ್ಕದಲ್ಲೇ ಇದ್ದ ಹಾಗಿತ್ತು ಕಣೇ. ಸಾಯೋಕಲ್ಲ, ಬೆಚ್ಚಗಿರ್ಲಿ ಅಂತ. ವಾಪಸ್ ತಗೊಂಡು ಹೋಗೋಕೆ ಬರ್ತೀಯಲ್ಲ, ವಾಪಸ್ ತಂದುಕೊಡೋಕೆ ಆಗುತ್ತಾ ನಿನಗೆ?"

ವಾಪಸ್ಸಕ್ಕ ಹೊದಿಕೆಯ ಅಂಚು ಸರಿಪಡಿಸುತ್ತಾರೆ. "ಆಗಲ್ಲಮ್ಮ."

"ಕಳ್ಳಿ ನೀನು."

"ಹೂಂ ಅಮ್ಮ."

"ಹೂಂ ಅಂತೆ. ಎಲ್ಲಿಗೆ ಹೊರಟೆ? ನಾಳೆ ಮನೆಗೆ ಬಾ. ಬೈಯೋದು ಇನ್ನೂ ಬೇಕಾದಷ್ಟಿದೆ. ಅವರ ವಿಷಯಾನೂ ಹೇಳ್ಬೇಕು, ಇವಳು ಕೇಳೋಕೆ ಕೂರಲ್ಲ."

ವಾಪಸ್ಸಕ್ಕ ಬೆನ್ನಿಗೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲಿಳಿಯುತ್ತಾರೆ.

"ಆ ಕೂದಲು ನಾನೂ ನೋಡಿದ್ದೆ ಮೇಡಂ, ಮಡಿಸೋವಾಗ," ಎನ್ನುತ್ತಾರೆ. "ಬಿಡಿಸಿ ತೆಗೆದಿಡೋಣ ಅನ್ನಿಸ್ತು. ಅದಕ್ಕೂ ಮದ್ದು ಹತ್ತಿರುತ್ತಲ್ಲ, ಬಿಟ್ಟೆ." ಗೇಟಿನ ಬಳಿ ನಿಂತು ಮೇಲಿನ ಕಿಟಕಿಯತ್ತ ನೋಡುತ್ತಾರೆ. ಬಸ್ಸು ಬರುತ್ತಿದೆ, ಅವರು ಗಮನಿಸಿಲ್ಲ. "ಈ ಕೆಲಸಕ್ಕೆ ಸೇರಿದ ಮೇಲೆ, ಯಾವ ಮನೆಯೋರೂ ನನಗೆ ನಾಳೆ ಬಾ ಅಂದಿರ್ಲಿಲ್ಲ."