ಸಹಿಗೆ ಬಿಟ್ಟ ಜಾಗ

ಮೇಷ್ಟ್ರ ಕೆಳತುಟಿಯ ನಟ್ಟನಡುವೆ ಒಂದು ಸಣ್ಣ ತಗ್ಗಿತ್ತು. ಮೂವತ್ತು ವರ್ಷ ಸೀಟಿ ಕಚ್ಚಿ ಕಚ್ಚಿ ಆದದ್ದು. ಟೀ ಲೋಟವನ್ನೂ ಅದೇ ತಗ್ಗಿಗೆ ಆನಿಸಿಕೊಂಡು ಕುಡಿಯುತ್ತಿದ್ದರು. ಕುತ್ತಿಗೆಯಲ್ಲಿ ಯಾವಾಗಲೂ ಒಂದು ಹಿತ್ತಾಳೆ ಸೀಟಿ. ಹಲ್ಲಿಗೆ ಒತ್ತದಿರಲೆಂದು ಅದರ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ್ದರು. ಆದರೆ ಅವರಷ್ಟು ಕಡಿಮೆ ಸೀಟಿ ಊದುವ ಪೀಟಿ ಮೇಷ್ಟ್ರನ್ನು ನಾನು ಕಂಡಿಲ್ಲ. "ಸೀಟಿ ಅನ್ನೋದು ಉಪ್ಪಿದ್ದಂಗೆ ಕಣಮ್ಮ. ಸುಮ್‌ಸುಮ್ನೆ ಹಾಕುದ್ರೆ ಬಾಯಿ ಕೆಡ್ತದೆ" ಅನ್ನುತ್ತಿದ್ದರು.

ಮದ್ದೂರಿನಿಂದ ಬೆಸಗರಹಳ್ಳಿ ದಾರಿಯ ನಮ್ಮ ಹೈಸ್ಕೂಲಿಗೆ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಾನು ವಿಜ್ಞಾನ ಹೇಳಿಕೊಡುವವಳು. ನನ್ನ ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಅವರು ನನ್ನನ್ನು ಮೈದಾನಕ್ಕೆ ಎಳೆದದ್ದು. ತಾಲೂಕು ಮಟ್ಟದ ಫುಟ್‌ಬಾಲ್ ಪಂದ್ಯಗಳಿಗೆ ಅವರು ರೆಫರಿ, ನಾನು ಮೇಜಿನ ಮುಂದೆ ಗಡಿಯಾರ ಇಟ್ಟುಕೊಂಡು ಸ್ಕೋರ್ ಬರೆಯುವವಳು. ಹನ್ನೊಂದು ವರ್ಷ ಹಾಗೆ ನಡೆಯಿತು. ಸ್ಕೋರ್ ಹಾಳೆಯ ಕೊನೆಯಲ್ಲಿ 'ಷರಾ' ಎಂದು ಒಂದು ಜಾಗ ಇರುತ್ತದೆ. ಬೇರೆಯವರು ಅಲ್ಲಿ ಗೆರೆ ಎಳೆದು ಬಿಡುತ್ತಾರೆ. ಇವರು ತುಂಬುತ್ತಿದ್ದರು: ಯಾರ ಮಂಡಿ ತರಚಿತು, ಎಷ್ಟು ಹೊತ್ತಿಗೆ ಎಮ್ಮೆ ಒಳಗೆ ಬಂತು, ಯಾವ ಗೋಲ್ ಕಂಬ ವಾಲಿದೆ. ಕೆಳಗೆ ಅವರ ಸಹಿ, ಪಕ್ಕದಲ್ಲಿ ನನ್ನದು. ಎರಡೂ ಇದ್ದರೆ ಅದು ವರದಿ. ಒಂದೇ ಇದ್ದರೆ ಒಬ್ಬರ ಅಭಿಪ್ರಾಯ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಯ ಮುಚ್ಚಳಕ್ಕೆ ಫೋನ್ ಒರಗಿಸಿ ಯುರೋಪಿನ ಫುಟ್‌ಬಾಲ್ ನೋಡುತ್ತಿದ್ದರು. ಸದ್ದು ಕಡಿಮೆ ಮಾಡಿ ಅಂದರೆ ಕೇಳುತ್ತಿರಲಿಲ್ಲ. "ಆಟಾನ ಕಣ್ಣಲ್ಲಿ ನೋಡ್ಬೇಕು, ಜನಾನ ಕಿವೀಲಿ ನೋಡ್ಬೇಕು ಕಣಮ್ಮ." ಒಂದು ದಿನ ನನ್ನನ್ನು ಕರೆದು ಒಂದು ತುಣುಕು ತೋರಿಸಿದರು. ಕಪ್ಪು ಬಣ್ಣದ ಆಟಗಾರನೊಬ್ಬ ಚೆಂಡು ಎತ್ತಿಕೊಳ್ಳಲು ಗೆರೆಯ ಹತ್ತಿರ ಹೋಗುತ್ತಾನೆ. ಹಿಂದಿನಿಂದ ಸಾವಿರಾರು ಬಾಯಿಯ ಒಂದು ಗುಲ್ಲು.

"ಕೇಳುಸ್ತಾ?"

"ಏನೋ ಕೂಗ್ತಾವ್ರೆ ಸಾರ್."

"ಕೋತಿ ತರ ಕೂಗ್ತಾವ್ರೆ. ಅವ್ನಿಗೆ."

ಅಲ್ಲಿ ಇದಕ್ಕೆಂದೇ ಮೂರು ಮೆಟ್ಟಿಲಿನ ನಿಯಮ ಇದೆಯಂತೆ: ಮೊದಲು ಆಟ ನಿಲ್ಲಿಸಿ ಮೈಕಿನಲ್ಲಿ ಎಚ್ಚರಿಸುವುದು, ಆಮೇಲೆ ಆಟಗಾರರನ್ನು ಹೊರಗೆ ಕರೆದೊಯ್ಯುವುದು, ಅದಕ್ಕೂ ಬಗ್ಗದಿದ್ದರೆ ಪಂದ್ಯವನ್ನೇ ಮುಗಿಸುವುದು. ಈಗೀಗ ಎರಡು ಮಣಿಕಟ್ಟನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು ಸನ್ನೆಯನ್ನೂ ಮಾಡುತ್ತಾರಂತೆ. "ಮೂರ್ನೇ ಮೆಟ್ಲು ಹತ್ತೋರು ಕಮ್ಮಿ" ಅಂದರು. "ಆಮೇಲ್ ದಂಡ ಹಾಕ್ತಾರೆ. ಮುಂದಿನ ಆಟಕ್ಕೆ ಒಂದ್ ಕಡೆ ಕುರ್ಚಿ ಎಲ್ಲಾ ಖಾಲಿ ಬುಡುಸ್ತಾರೆ. ಕುರ್ಚಿ ಏನ್ ಮಾಡಿತ್ತು ಕಣಮ್ಮ?"

ನಾನು ನಕ್ಕು ಡಬ್ಬಿ ತೊಳೆಯಲು ಎದ್ದೆ. ಯುರೋಪು ನಮ್ಮ ಮೈದಾನಕ್ಕೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಆ ವರ್ಷ ಹುಡುಗಿಯರ ಪಂದ್ಯ ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಬಂತು. ನಡೆದದ್ದು ನನ್ನ ತವರೂರಿನಲ್ಲಿ. ಊರಿನ ಹೆಸರು ಬೇಡ. ನಮ್ಮೂರ ಶಾಲೆಯ ಎದುರು ಆಡಿದ ತಂಡದಲ್ಲಿ ಏಳನೇ ನಂಬರಿನ ಹುಡುಗಿ ಒಬ್ಬಳಿದ್ದಳು. ಹಳಿಯಾಳದ ಕಡೆಯ ಸಿದ್ದಿ ಜನ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದು ಆ ಕಾಡಂಚಿನಲ್ಲಿ ಬೇರು ಬಿಟ್ಟವರು. ಅವಳಮ್ಮ ಆರೋಗ್ಯ ಕೇಂದ್ರದ ನರ್ಸಾಗಿ ನಮ್ಮ ಸೀಮೆಗೆ ವರ್ಗವಾಗಿ ಬಂದಿದ್ದರು. ಹುಡುಗಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದಳು. ಮೊದಲ ಗೋಲು ಅವಳದೇ.

ಗೋಲಾದ ಮೇಲೆ ಗೆರೆಯ ಪಕ್ಕ ಒಂದು ನಗು ಎದ್ದಿತು. "ಇದು ಆಫ್ರಿಕಾ ಮಾಲು ಕಣ್ಲಾ, ದುಡ್ ಕೊಟ್ ತರ್ಸವ್ರೆ." ಆಮೇಲೆ ಒಬ್ಬ ಕೋತಿಯ ಹಾಗೆ ಸದ್ದು ಮಾಡಿದ. ಅವನ ಹಿಂದೆ ಹತ್ತು ಜನ. ಅವಳು ಚೆಂಡು ಮುಟ್ಟಿದಾಗಲೆಲ್ಲ ಅದೇ ಸದ್ದು. ಒಂದು ಬಾಳೆಹಣ್ಣಿನ ಸಿಪ್ಪೆ ಬಂದು ಅವಳ ಕಾಲ ಹತ್ತಿರ ಬಿತ್ತು. ಮೊದಲು ಕೂಗಿದ ಗಂಟಲು ನನಗೆ ಗೊತ್ತಿತ್ತು. ನಮ್ಮ ದೊಡ್ಡಪ್ಪನ ಮಗ, ನನ್ನಣ್ಣ. ನನಗೆ ಒಡಹುಟ್ಟಿದವರಿಲ್ಲ, ಮದುವೆಯಾದಾಗಿನಿಂದ ಪ್ರತಿ ಗೌರಿ ಹಬ್ಬಕ್ಕೂ ಬಾಗಿನದ ಮೊರ ಹೊತ್ತು ಬರುವವನು ಅವನೇ.

ಮೇಷ್ಟ್ರು ಉದ್ದಕ್ಕೆ ಸೀಟಿ ಊದಿದರು. ಎರಡು ಮಣಿಕಟ್ಟನ್ನು ಎದೆಯ ಮುಂದೆ ಅಡ್ಡಡ್ಡ ಹಿಡಿದು ನಿಂತರು. ಜನಕ್ಕೆ ಏನು ಅರ್ಥವಾಗಬೇಕು? "ಯಾಕ್ ಸಾ, ಪೊಲೀಸ್ನೋರು ಬೇಡಿ ಹಾಕುದ್ರಾ?" ಎಂದು ಯಾರೋ ಒಬ್ಬ ಕೂಗಿದ, ಇನ್ನಷ್ಟು ನಗು. ಮೇಷ್ಟ್ರು ಸಂಘಟಕರ ಹತ್ತಿರ ಹೋಗಿ ಮೈಕಿನಲ್ಲಿ ಎಚ್ಚರಿಸಿ ಅಂದರು. ಮೈಕಿನವನು "ಪ್ರೇಕ್ಷಕರು ದಯವಿಟ್ಟು ಸುಣ್ಣದ ಗೆರೆ ಬಿಟ್ಟು ಹಿಂದೆ ನಿಲ್ಲಬೇಕು" ಎಂದು ಹೇಳಿ ಕೈ ತೊಳೆದುಕೊಂಡ. ಮತ್ತೆ ಆಟ, ಮತ್ತೆ ಸದ್ದು. ಮೇಷ್ಟ್ರು ಎರಡೂ ತಂಡವನ್ನು ಹೊಂಗೆ ಮರದ ಕೆಳಗೆ ಕರೆದೊಯ್ದು ನೀರು ಕುಡಿಸಿದರು.

"ಆಡ್ತೀಯೇನವ್ವ?" ಎಂದು ಅವಳನ್ನು ಕೇಳಿದ್ದು ನನಗೆ ಮೇಜಿನವರೆಗೂ ಕೇಳಿಸಿತು.

"ಆಡ್ತೇನ್ರಿ ಸರ. ಕಾಲು ಆಡ್ತಾವ್ರಿ, ಕಿವಿ ಆಡೂದಿಲ್ಲ" ಅಂದಳು.

ಆಟ ಮತ್ತೆ ಶುರುವಾಗಿ ಮೂರನೆಯ ಸಲವೂ ಅದೇ ಸದ್ದು ಬಂದಾಗ ಮೇಷ್ಟ್ರು ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಂದ್ಯ ಮುಗಿಯಿತು ಅಂದರು. ನನ್ನ ಮೇಜಿಗೆ ಬಂದು, ನಿಂತುಕೊಂಡೇ, ಷರಾದಲ್ಲಿ ಬರೆದರು. ಗದ್ದಲ, ಗೊಂದಲ ಅಂತಲ್ಲ. ಯಾವ ನಿಮಿಷದಲ್ಲಿ ಯಾವ ಸದ್ದು, ಯಾವ ಮಾತು, ಯಾರನ್ನು ಕುರಿತು. ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

ಅಷ್ಟರಲ್ಲಿ ಅಣ್ಣ ಬಂದು ಮೇಜಿಗೆ ಕೈಯೂರಿದ್ದ. "ಏನವ್ವ, ತವರೂರ್ ಮ್ಯಾಲೇ ಬರ್ದು ಕೊಟ್ಟೀಯಾ? ಐಕ್ಳು ತಮಾಸೆಗೆ ಕೂಗುದ್ರೆ ಅದ್ನೂ ಬರೀತಾರಾ? ಮೊನ್ನೆ ಆ ಮಗೀಗೆ ನಾನೇ ಎಳ್ನೀರ್ ಕೊಚ್ಚಿಕೊಟ್ಟಿವ್ನಿ." ಕೊಟ್ಟಿದ್ದನೋ ಏನೋ. ಅವನು ಕೆಟ್ಟವನಲ್ಲ, ನನ್ನ ಹೆರಿಗೆಯಲ್ಲಿ ರಕ್ತ ಕೊಟ್ಟವನು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನಾನು ಗಡಿಯಾರ ನೋಡ್ತಿದ್ದೆ ಸಾರ್. ನನಗೆ ಸರಿಯಾಗಿ ಕೇಳಿಸಲಿಲ್ಲ."

ಮೇಷ್ಟ್ರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಹಾಳೆ ಮಡಚುತ್ತ, "ಜಾಗ ಬುಟ್ಟಿದ್ದೀನಿ ಕಣಮ್ಮ. ಕೇಳುಸ್ದಾಗ ಹಾಕು" ಅಂದರು.

ದಿನಚರಿ ಬರೆಯುವುದು ನನಗೆ ಅಭ್ಯಾಸ. ಅಡುಗೆ, ಹಾಲು, ಗ್ಯಾಸ್ ಬಂದ ದಿನ, ಇಂಥದೇ. ಅವತ್ತು ಸಂಜೆ ಬರೆದದ್ದು: "ಸೊಪ್ಪಿನ ಸಾರು. ಹಾಲಿನವನು ಬರಲಿಲ್ಲ. ನನಗೆ ಕೇಳಿಸಿತ್ತು."

ಆಮೇಲಿನ ದಿನಗಳು ಒಂದೊಂದೂ ಉದ್ದ. ನಮ್ಮೂರಿನವರು ಮೇಷ್ಟ್ರ ಮೇಲೆಯೇ ದೂರು ಕೊಟ್ಟರು: ಕಾರಣವಿಲ್ಲದೆ ಪಂದ್ಯ ನಿಲ್ಲಿಸಿದರು, ಏಳನೇ ನಂಬರಿನ ಹುಡುಗಿ ಈ ರಾಜ್ಯದವಳೇ ಅಲ್ಲ ಎಂದು. ವಿಚಾರಣೆಗೆ ಕರೆ ಬಂತು. ಒಗ್ಗರಣೆ ಎರಡು ಸಲ ಸೀದಿತು. ಬಸ್ಸಿನಲ್ಲಿ ಮೇಷ್ಟ್ರು ಎಂದಿನಂತೆ ಕಂಬ ಹಿಡಿದು ನಿಂತು ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದು ಕೊಡುತ್ತಿದ್ದರು. ಹಾಳೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಣ್ಣ ಮಾತ್ರ ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದ. "ಗೌರಿ ಅಬ್ಬಕ್ಕೆ ಬತ್ತೀನಿ ಕಣವ್ವ. ನೀನೇನೂ ಕೇಳುಸ್ಕಂಡಿಲ್ಲ ತಾನೆ?"

ವಿಚಾರಣೆಯ ದಿನ ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆವು. ಪಕ್ಕದ ಬೆಂಚಿನಲ್ಲಿ ನರ್ಸಮ್ಮ, ತೊಡೆಯ ಮೇಲೆ ಕಾಗದದ ಕಡತ. ಮೊದಲು ಒಳಗೆ ಕರೆದದ್ದು ಅವರನ್ನೇ. ಬಾಗಿಲು ತೆರೆದೇ ಇತ್ತು. ಜನನ ಪತ್ರ, ಜಾತಿ ಪತ್ರ, ಆಧಾರ್, ಶಾಲೆಯ ದಾಖಲೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ನರ್ಸಮ್ಮನ ಸಣ್ಣ ದನಿ ಕೇಳಿಸಿತು. "ನನ್ನ ಮಗಳ ಕಾಗದ ಎಲ್ಲಾ ನೋಡಿದ್ರಿ ಸರ. ಕೂಗಿದವ್ರ ಕಾಗದ ಯಾವಾಗ ನೋಡ್ತೀರಿ?"

ಅಧಿಕಾರಿ ಕಾಗದಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟರು.

ಆಗ ಮೇಷ್ಟ್ರು ನನಗೊಂದು ಮಾತು ಹೇಳಿದರು, ಎದುರಿನ ಗೋಡೆಯನ್ನು ನೋಡುತ್ತ. "ನಾನೂ ಹೈಸ್ಕೂಲಲ್ಲಿ ಆಡ್ತಿದ್ದೆ ಕಣಮ್ಮ. ಮಳವಳ್ಳಿ ಕಡೆ ಒಂದ್ ಮ್ಯಾಚು. ನಮ್ ಕೇರಿ ಹೆಸ್ರು ಹಿಡ್ದು, ಜಾತಿ ಹಿಡ್ದು ಕೂಗುದ್ರು. ನಾನ್ ಅರ್ಧಕ್ಕೇ ಎದ್ ಬಂದ್ಬುಟ್ಟೆ. ಸ್ಕೋರ್ ಹಾಳೇಲಿ ಏನ್ ಬರ್ದಿದ್ರು ಗೊತ್ತಾ? 'ಆಟಗಾರ ಗಾಯಗೊಂಡು ಹೊರನಡೆದ' ಅಂತ. ಒಂದ್ ತರಚಿದ್ ಗಾಯ್ವೂ ಇರ್ಲಿಲ್ಲ ಮೈ ಮ್ಯಾಲೆ." ಸೀಟಿಯ ರಬ್ಬರನ್ನು ಸರಿಮಾಡುತ್ತ, "ಅವತ್ತಿಂದ ನಂಗೆ ಷರಾ ಕಾಯ್ಲೆ" ಎಂದು ನಕ್ಕರು.

ನನ್ನನ್ನು ಕರೆದರು. ಅಧಿಕಾರಿ ಮೆದುವಾಗಿಯೇ ಮಾತನಾಡಿದರು. ಹಬ್ಬ ಹತ್ತಿರ, ಊರೂರಿಗೆ ಮನಸ್ತಾಪ ಯಾಕೆ, 'ಪ್ರೇಕ್ಷಕರ ಗದ್ದಲದಿಂದ ಪಂದ್ಯ ನಿಂತಿತು' ಅಂದರೆ ಎಲ್ಲರಿಗೂ ಒಳ್ಳೆಯದು. "ನೀವೂ ಏನೂ ಕೇಳಿಸಿಕೊಂಡಿಲ್ಲ ಅಲ್ವಾ ಮೇಡಂ?"

ಕೇಳಿಸಿತು ಅಂದೆ. ಏನು ಎಂದರು, ಹೇಳಿದೆ. ಆ ಸದ್ದನ್ನು ಬಾಯಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ಹೇಳುವಾಗಲೇ ಗೊತ್ತಾದದ್ದು. ಮೊದಲು ಕೂಗಿದವರು ಯಾರು ಎಂದು ಕೇಳಿದರು. ಅಣ್ಣನ ಹೆಸರು ಹೇಳಿದೆ. ಅವರ ಮೇಜಿನ ಮೇಲೆ ನಮ್ಮ ಹಾಳೆ ಇತ್ತು, ಮೇಷ್ಟ್ರ ಸಹಿಯ ಪಕ್ಕದಲ್ಲಿ ಬಿಳಿಯ ಜಾಗ. "ಇದಕ್ಕೀಗ ಸಹಿ ಹಾಕ್ತೀನಿ ಸಾರ್" ಅಂದೆ.

"ಅದು ಆಗೋದಿಲ್ಲ ಮೇಡಂ. ಪಂದ್ಯದ ದಿನ ಹಾಕಿದ್ದರೆ ವರದಿ ಆಗ್ತಿತ್ತು. ಈಗ ನಿಮ್ಮದು ಹೇಳಿಕೆ. ಬೇರೆ ಕಾಗದದಲ್ಲಿ ಬರೆದುಕೊಡಿ."

ಹೊರಗೆ ಬಂದಾಗ ಮೇಷ್ಟ್ರು ಎದ್ದು ನಿಂತಿದ್ದರು.

"ಕೇಳುಸ್ತಾ?"

"ಕೇಳಿಸ್ತು ಸಾರ್."

"ಯಾವತ್ತು?"

"ಅವತ್ತೇ."

ತಲೆಯಾಡಿಸಿದರು. ಚೀಲದಿಂದ ಹಾಳೆಯ ಜೆರಾಕ್ಸ್ ತೆಗೆದು ನನಗೊಂದು ಕೊಟ್ಟರು. "ಇಟ್ಕೊ. ಅಸಲಿ ಎಲ್ಲೋಯ್ತದೋ ಗೊತ್ತಿಲ್ಲ."

ಒಂದು ತಿಂಗಳ ಮೇಲೆ ಆದೇಶ ಬಂತು. ಹುಡುಗಿಯ ದಾಖಲೆಗಳು ಸರಿಯಾಗಿವೆ. ಅಶಿಸ್ತಿನ ಬಗ್ಗೆ ಎರಡೂ ಶಾಲೆಗಳಿಗೆ ಎಚ್ಚರಿಕೆ. ಮೈದಾನದಲ್ಲಿ 'ಪ್ರೇಕ್ಷಕರು ಸಭ್ಯತೆ ಕಾಪಾಡಬೇಕು' ಎಂಬ ಫಲಕ ಹಾಕತಕ್ಕದ್ದು. ಮರುಪಂದ್ಯ, ಪ್ರೇಕ್ಷಕರಿಲ್ಲದೆ. ರೆಫರಿಯ ವರದಿಗೆ ಎರಡನೆಯ ಸಹಿ ಇಲ್ಲದ ಕಾರಣ ಅದು ಅವರ ವೈಯಕ್ತಿಕ ಅಭಿಪ್ರಾಯ. ಸಂಘಟಕರ ಒಪ್ಪಿಗೆಯಿಲ್ಲದೆ ಪಂದ್ಯ ಮುಗಿಸಿದ್ದಕ್ಕೆ ಅವರನ್ನು ರೆಫರಿಗಳ ಪಟ್ಟಿಯಿಂದ ಕೈಬಿಡಲಾಗಿದೆ. ನನ್ನ ಹೇಳಿಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನನ್ನನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿದ್ದರು.

ಆ ಮರುಪಂದ್ಯಕ್ಕೆ ಸ್ಕೋರ್ ಬರೆದವಳೂ ನಾನೇ. ಸುಣ್ಣದ ಗೆರೆಯ ಆಚೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಏಳನೇ ನಂಬರಿನ ಹುಡುಗಿ ಬರಲಿಲ್ಲ. ನರ್ಸಮ್ಮ ವರ್ಗ ಕೇಳಿಕೊಂಡು ಹೊರಟುಹೋಗಿದ್ದರು. ಅವಳ ತಂಡ ಹತ್ತು ಜನರಲ್ಲಿ ಆಡಿ ಸೋತಿತು. ಮರುದಿನ ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದಾಗ ಮೇಷ್ಟ್ರು, "ಖಾಲಿ ಕುರ್ಚಿ" ಎಂದಷ್ಟೇ ಅಂದರು.

ಅದಕ್ಕೂ ಮುಂಚೆ ಗೌರಿ ಹಬ್ಬ ಬಂದು ಹೋಗಿತ್ತು. ತವರಿನಿಂದ ಯಾರೂ ಬರಲಿಲ್ಲ. ಬಾಗಿಲು ಸಾರಿಸಿ, ರಂಗೋಲಿ ಇಟ್ಟು, ಹಾದಿಯಲ್ಲಿ ಸ್ಕೂಟರ್ ಸದ್ದಾದರೆ ಇಣುಕಿ ನೋಡಿ, ಒಬ್ಬಟ್ಟು ಆರಿಹೋಯಿತು. ಸಂಜೆ ನಾಲ್ಕರ ಹೊತ್ತಿಗೆ ಮೇಷ್ಟ್ರು ಬಂದರು, ಕೈಯಲ್ಲಿ ಒಂದು ಪೊಟ್ಟಣ. "ಬಾಗಿನ ಗೀಗಿನ ಅನ್ಕೊಬೇಡ ಕಣಮ್ಮ. ಸ್ಟೇಷನ್ ಹತ್ರ ವಡೆ ಬಿಸಿ ಇತ್ತು. ಕಾದು ಕಾದು ಹಸ್ಕೊಂಡಿರ್ತೀಯ ಅಂತ ತಂದೆ." ಜಗಲಿಯ ಮೇಲೆ ಕೂತು ತಿಂದೆವು. ನಿಮ್ಮ ಸೀಟಿ ನನ್ನಿಂದ ಹೋಗುತ್ತದೇನೋ ಎಂದು ಕೇಳಬೇಕೆಂದಿದ್ದೆ. ಈರುಳ್ಳಿ ಚೆನ್ನಾಗಿ ಬೆಂದಿದೆ ಅಂದೆ.

ನಿವೃತ್ತಿಗೆ ಮುಂಚಿನ ಎರಡು ವರ್ಷವೂ ಅವರು ಮೈದಾನದ ಕಡೆಗೆ ಬರಲಿಲ್ಲ. ಕುತ್ತಿಗೆಯಲ್ಲಿ ಸೀಟಿ ಮಾತ್ರ ಇರುತ್ತಿತ್ತು. ತಂಡಗಳ ಪಟ್ಟಿ ಬಂದ ದಿನ, "ಏಳ್ನೇ ನಂಬರು ಬಂದದಾ?" ಎಂದು ಕೇಳುತ್ತಿದ್ದರು. ಇಲ್ಲ ಸಾರ್ ಅನ್ನುತ್ತಿದ್ದೆ. "ಎಲ್ಲಾರ ಆಡ್ತಿರ್ತದೆ ಬುಡು" ಅನ್ನುತ್ತಿದ್ದರು. ಆಡುತ್ತಿದ್ದಾಳೋ ಇಲ್ಲವೋ, ಇಬ್ಬರಿಗೂ ಗೊತ್ತಿರಲಿಲ್ಲ.

ಹೋದ ಮಾಘದಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮುಖ ನೋಡಿದೆ. ಕೆಳತುಟಿಯ ತಗ್ಗು ಹಾಗೇ ಇತ್ತು.

ನಾನು ಈಗಲೂ ಸ್ಕೋರ್ ಬರೆಯುತ್ತೇನೆ. ಹೊಸ ರೆಫರಿಗಳು ಷರಾದಲ್ಲಿ ಗೆರೆ ಎಳೆದು ಬಿಡುತ್ತಾರೆ. ಎಳೆಯಬೇಡಿ, ಆಟ ಮುಗಿಯಲಿ ಎಂದು ತಡೆಯುತ್ತೇನೆ. ಗಡಿಯಾರ ನೋಡುತ್ತಿದ್ದರೂ ಕಿವಿ ಸುಣ್ಣದ ಗೆರೆಯ ಮೇಲೆಯೇ ಇರುತ್ತದೆ. ಅಲ್ಲಿ ಒಂದು ನಗು ಎದ್ದರೆ ಸಾಕು, ಯಾವ ನಗುವೋ ತಿಳಿಯುವವರೆಗೆ ಕತ್ತೆತ್ತಿ ಆ ಕಡೆಯೇ ನೋಡುತ್ತೇನೆ. ಪೆನ್ನಿನ ಮುಚ್ಚಳವನ್ನು ಮೊದಲೇ ತೆಗೆದು ಚೀಲಕ್ಕೆ ಹಾಕಿರುತ್ತೇನೆ, ಕೈಗೆ ಸಿಗದ ಹಾಗೆ.

ಅವರು ಕೊಟ್ಟ ಜೆರಾಕ್ಸ್ ಆ ವರ್ಷದ ದಿನಚರಿಯೊಳಗಿದೆ. ಮಡಿಕೆಯಲ್ಲಿ ಅಕ್ಷರ ಅಳಿಸುತ್ತಿದೆ. ಒಂದೆರಡು ಸಲ ತೆರೆದು, ಅವರ ಸಹಿಯ ಪಕ್ಕ ಪೆನ್ನು ಊರಿದ್ದೂ ಉಂಟು. ಹಾಕಿಲ್ಲ. ನನಗೆ ಕೇಳಿಸಿದ್ದು ಅವತ್ತು, ಹಾಕಬೇಕಾಗಿದ್ದೂ ಅವತ್ತೇ.