ಮೇಲಿನ ಮನೆಯ ವಿರೋಧ ಪಕ್ಷ

ನೆಹರು ನಗರದಲ್ಲಿ ಮನೆ ಬಾಡಿಗೆಗೆ ಕೊಡುವವರಿಗೆಲ್ಲ ಒಂದು ಚಟ. ಬಂದವರ ಜಾತಕವನ್ನು ಪೂರ್ತಿ ಬಿಚ್ಚಿಸುವವರೆಗೆ ಬಿಡುವುದಿಲ್ಲ. ನಾನಂತೂ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಪ್ರಶ್ನೆ ಕೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಆದರೆ ಮಹಡಿಯ ಮೇಲಿನ ಕೋಣೆಯಲ್ಲಿದ್ದ ಆಫ್ರಿಕಾದ ಹುಡುಗಿಯನ್ನು "ನಿಮ್ಮಪ್ಪ ಏನ್ ಮಾಡ್ತಾರವಾ?" ಎಂದು ಕೇಳಿದಾಗಲೆಲ್ಲ ಅವಳು "ರಾಜಕೀಯ ಮಾಡ್ತಾರ್ರಿ" ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದಳು. ಯಾರೋ ಮಂತ್ರಿಯ ಮಗಳಿರಬೇಕು, ದೊಡ್ಡಸ್ತಿಕೆ ತೋರಿಸಬಾರದೆಂದು ಸುಮ್ಮನಿದ್ದಾಳೆ ಎಂದುಕೊಂಡಿದ್ದೆ.

ಅವಳದು ಮಧ್ಯ ಆಫ್ರಿಕಾದ ಒಂದು ದೇಶ. ಯಾವುದೆಂದು ಬರೆಯುವುದಿಲ್ಲ. ಬರೆಯಬೇಡಿರೆಂದು ಅವಳೇ ಕೈ ಮುಗಿದು ಹೇಳಿದ್ದಾಳೆ, ಅವಳ ಸೋದರತ್ತೆ ಇನ್ನೂ ಅಲ್ಲೇ ಬಾಳಬೇಕಲ್ಲ. ಫಾರ್ಮಸಿ ಓದಲು ಬಂದ ಹುಡುಗಿ ನಮ್ಮ ಬೆಳಗಾವಿ ಕನ್ನಡವನ್ನು ನಮ್ಮಷ್ಟೇ ಜೋರಾಗಿ ಕಲಿತುಬಿಟ್ಟಿದ್ದಳು. ಕಾಯಿಪಲ್ಲೆಯವನ ಮುಂದೆ ಸೊಂಟಕ್ಕೆ ಕೈಯಿಟ್ಟು "ಇಷ್ಟ್ಯಾಕ ತುಟ್ಟಿ ಹೇಳ್ತೀಯೋ ಯಣ್ಣಾ" ಎಂದು ಜಗಳಕ್ಕೆ ನಿಂತರೆ ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು.

ಅವಳ ಅಪ್ಪನಿಗೆ ಎರಡೂ ಕಿಡ್ನಿ ಕೈಕೊಟ್ಟವು. ಮಗಳಿರುವ ಊರಿನಲ್ಲೇ ದೊಡ್ಡ ಆಸ್ಪತ್ರೆ ಇದೆಯೆಂದು ಆತ ಬೆಳಗಾವಿಗೆ ಬಂದಿಳಿದ. ಎತ್ತರದ ಆಳು, ಬೆಳ್ಳಗಾದ ಗಡ್ಡ, ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಮೆಟ್ಟಿಲು ಇಳಿಯುತ್ತಿರಲಿಲ್ಲ. ದಿನ ಬಿಟ್ಟು ದಿನ ಡಯಾಲಿಸಿಸ್. ಮಗಳೇ ಒಂದು ಕಿಡ್ನಿ ಕೊಡುವುದೆಂದು ನಿಶ್ಚಯವಾಗಿ, ಪರೀಕ್ಷೆಗಳೆಲ್ಲ ಮುಗಿದು, ಸರ್ಕಾರದ ಒಪ್ಪಿಗೆಗಾಗಿ ಕಾಯುತ್ತಿದ್ದರು. ಅದು ಬಂದ ಕೂಡಲೇ ಆಪರೇಷನ್.

ಆಗ ತಿಳಿಯಿತು, ಆತ ಮಂತ್ರಿಯಲ್ಲ. ಮಂತ್ರಿಗಳ ವಿರುದ್ಧ ಇಡೀ ಆಯುಷ್ಯ ಕಳೆದವನು. ಪಾರ್ಲಿಮೆಂಟಿನಲ್ಲಿ ಒಬ್ಬನೋ ಇಬ್ಬರೋ ಇರುವ ಸಣ್ಣ ಪಕ್ಷದ ಅಧ್ಯಕ್ಷ. ಸಂಜೆ ನನ್ನ ಪಡಸಾಲೆಯಲ್ಲಿ ಕುಳಿತು ಆತ ಫ್ರೆಂಚಿನಲ್ಲಿ ಹೇಳುವುದು, ಹುಡುಗಿ ಕನ್ನಡ ಮಾಡುವುದು.

"ನಮ್ಮ ದೇಶದಾಗ ಪಕ್ಷಕ್ಕ ಬರಗಾಲಿಲ್ಲಂತ್ರಿ. ಒಬ್ಬ ಮನಷ್ಯಾ, ಒಂದು ಸೂಟ್‌ಕೇಸು, ಒಂದು ರಬ್ಬರ್ ಸ್ಟ್ಯಾಂಪ್ ಇದ್ರ ಒಂದು ಪಕ್ಷ. ಸರ್ಕಾರಕ್ಕ ಬ್ಯಾಡಾದ ಪಕ್ಷನ ಬಂದ್ ಮಾಡಂಗಿಲ್ಲಂತ. ಅದಽ ಹೆಸರಿಂದು, ಅದಽ ಬಣ್ಣದ್ದು ಇನ್ನೊಂದು ಹುಟ್ಟಿಸಿ, ಅದಽ ಖರೇ ಅಂತ ಹೇಳಿಬಿಡ್ತಾರಂತ."

"ಅವಳಿ-ಜವಳಿ ಅನ್ನು," ಎಂದೆ.

ಆತನಿಗೆ ಆ ಮಾತು ಬಹಳ ಹಿಡಿಸಿತು. ಆದರೆ ಆ ಆಟವನ್ನು ತನ್ನ ಪಕ್ಷದ ಮೇಲೆ ಇನ್ನೂ ಆಡಿಲ್ಲ, ತಾನು ಇರುವತನಕ ಆಡಲಾಗುವುದಿಲ್ಲ ಎಂದು ಎದೆ ತಟ್ಟಿಕೊಂಡ.

ನನ್ನ ತವರು ಖಾನಾಪುರ. ಅಲ್ಲಿ ನನ್ನ ತಮ್ಮನೂ ಒಬ್ಬ ವಿರೋಧ ಪಕ್ಷದವನಿದ್ದಾನೆ. ಹೆಸರು ಹೇಳಿದರೆ ತಾಲೂಕಿನ ಅರ್ಧ ಜನಕ್ಕೇ ಗೊತ್ತಾಗದಂಥ ಪಕ್ಷ. ಪ್ರತಿ ಚುನಾವಣೆಯಲ್ಲೂ ಧ್ವಜ ಹೊತ್ತು ತಿರುಗುತ್ತಾನೆ, ಸೋಲುತ್ತಾನೆ, ಸಾಯಂಕಾಲ ಗೆದ್ದವನ ಜೊತೆಗೇ ಚಹಾ ಕುಡಿಯುತ್ತಾನೆ. ಮೇಲಿನ ಮನೆಗೆ ಒಂದು ದೇಶದ ವಿರೋಧ ಪಕ್ಷದ ಅಧ್ಯಕ್ಷರು ಬಂದಿದ್ದಾರೆಂದು ನಾನು ಫೋನಿನಲ್ಲಿ ಹೇಳಿದ್ದೇ ತಡ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಕ್ಕಾ, ಅವರನ್ನ ಒಂದ್ ದಿನ ಇಲ್ಲಿಗೆ ಕರಕೊಂಡು ಬಾ. ಸತ್ಕಾರ ಮಾಡೂಣು!"

"ಜಡ್ಡಿನ ಮನಷ್ಯಾನ ಕಟ್ಟಿಮ್ಯಾಲೆ ಕುಂದ್ರಿಸಿ ಭಾಷಣ ಮಾಡಸ್ತೀ ಏನು? ಬುದ್ಧಿಗಿದ್ಧಿ ಐತಿಲ್ಲೋ ನಿನಗ?" ಎಂದು ಬೈದೆ. ಆದರೆ ಮೇಲಿನವನಿಗೆ ಸುದ್ದಿ ಹೋಗಿ ಆತನೇ ಹೊರಟು ನಿಂತ. ಆಸ್ಪತ್ರೆಯ ಗೋಡೆ ನೋಡಿ ನೋಡಿ ಸಾಕಾಗಿತ್ತು, ಪಾಪ. ಡಯಾಲಿಸಿಸ್ ಇಲ್ಲದ ಒಂದು ದಿನ ಕಾರು ಮಾಡಿಕೊಂಡು ಹೋದೆವು.

ಖಾನಾಪುರ ಹೊಕ್ಕ ಕೂಡಲೇ ಎರಡಾಳೆತ್ತರದ ಬ್ಯಾನರು. ನಡುವೆ ಆತನ ಮುಖ, ಸುತ್ತ ಚೆಂಡುಹೂವಿನ ಹಾರ, ಹಿಂದೆ ಸೂರ್ಯನ ಕಿರಣ, ಮೇಲೆ ಕನ್ನಡದಲ್ಲೂ ಕೆಳಗೆ ಮರಾಠಿಯಲ್ಲೂ ಹಾರ್ದಿಕ ಸುಸ್ವಾಗತ. ಅಡಿಯಲ್ಲಿ ಸಾಲಾಗಿ ನನ್ನ ತಮ್ಮ ಮತ್ತವನ ಗೆಳೆಯರು, ಒಬ್ಬೊಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು. ನನಗೆ ನಾಚಿಕೆಯಾಯಿತು. ಆತ ಮಾತ್ರ ಕಾರಿನಿಂದಿಳಿದು ಬಿಸಿಲಲ್ಲಿ ಬಹಳ ಹೊತ್ತು ನೋಡುತ್ತ ನಿಂತ. ತಮ್ಮ ರಾಜಧಾನಿಯಲ್ಲಿ ತನ್ನ ಮುಖ ಗೋಡೆಯ ಮೇಲೆ ಒಂದು ದಿನ ಉಳಿದರೆ ಹೆಚ್ಚು, ಇಲ್ಲಿ ಯಾರೂ ಹರಿಯುವುದಿಲ್ಲವೇ ಎಂದು ಮಗಳ ಕೈಯಲ್ಲಿ ಕೇಳಿಸಿದ. "ದನಾ ತಿನ್ನೂ ತನಾ ಇರತೈತ್ರಿ," ಎಂದ ನನ್ನ ತಮ್ಮ.

ಆತ ಬ್ಯಾನರಿನ ಫೋಟೊ ತೆಗೆದು ಅಲ್ಲಿಂದಲೇ ತನ್ನ ಪಕ್ಷದ ಉಪಾಧ್ಯಕ್ಷನಿಗೆ ಕಳಿಸಿದ. ಹುಡುಗನಿದ್ದಾಗಿನಿಂದ ಜೊತೆಗೆ ಜೈಲು ಕಂಡ ಗೆಳೆಯನಂತೆ. ನೋಡು, ಭಾರತದ ಜನ ನನಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಬರೆದನಂತೆ. ಬರುವಾಗ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದ.

ಮುಂದಿನ ವಾರ ಒಂದು ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಹುಡುಗಿ ಬರಿಗಾಲಲ್ಲಿ ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಕ್ಕಾರ, ನಮ್ಮಪ್ಪ ಸತ್ತಾನಂತ್ರಿ."

"ಶಿವಶಿವಾ! ಈಗರ ಕೆಮ್ಮಿದ್ದು ಕೇಳ್ತಲ್ಲವಾ!"

"ಇಲ್ಲಿ ಅಲ್ರಿ. ಅಲ್ಲಿ. ಅಲ್ಲಿ ರೇಡಿಯೋದಾಗ ಸತ್ತಾನಂತ."

ಆ ಉಪಾಧ್ಯಕ್ಷನನ್ನು ಸರ್ಕಾರ ಅದಾಗಲೇ ತನ್ನ ಬುಟ್ಟಿಗೆ ಹಾಕಿಕೊಂಡಿತ್ತು. ಅವನು ಪತ್ರಕರ್ತರ ಮುಂದೆ ಖಾನಾಪುರದ ಫೋಟೊ ಹಿಡಿದು, ನಮ್ಮ ಅಧ್ಯಕ್ಷರು ಭಾರತದ ಆಸ್ಪತ್ರೆಯಲ್ಲಿ ತೀರಿಕೊಂಡರು, ಅಲ್ಲಿಯ ಜನ ಹೂವಿನ ಹಾರ ಹಾಕಿ ನಿಲ್ಲಿಸಿದ ಶ್ರದ್ಧಾಂಜಲಿ ಫಲಕ ಇದು ಎಂದು ಕಣ್ಣೀರು ಹಾಕಿದ. ಕನ್ನಡ ಓದಬಲ್ಲವರು ಅಲ್ಲಿ ಯಾರಿದ್ದಾರೆ? ನಮ್ಮ ಕಡೆಯಾದರೂ ಹುಟ್ಟುಹಬ್ಬದ ಬ್ಯಾನರಿಗೂ ಸತ್ತವರ ಬ್ಯಾನರಿಗೂ ಅಕ್ಷರ ಬಿಟ್ಟರೆ ಏನು ಫರಕಿದೆ! ಮರುದಿನವೇ ಸಭೆ ಸೇರಿಸಿ ಅವನೇ ಅಧ್ಯಕ್ಷನಾದ. ಆ ವಾರದೊಳಗೆ ಸರ್ಕಾರ ಅವನ ಪಕ್ಷವೇ ಖರೇ ಪಕ್ಷ ಎಂದು ಒಪ್ಪಿತು. ಚುನಾವಣೆ ಬಾಗಿಲಿಗೆ ಬಂದಿತ್ತು.

ನನ್ನ ತಮ್ಮನಿಗೆ ಫೋನ್ ಮಾಡಿ ಹಿಗ್ಗಾಮುಗ್ಗಾ ಬೈದೆ. ಅವನು ಮರುದಿನ ಬಂದು ಆತನ ಕಾಲು ಹಿಡಿಯಲು ಹೋದ. ಆತನೇ ಎತ್ತಿ ಬೆನ್ನು ತಟ್ಟಿದ. "ಆ ಬ್ಯಾನರ್ ಇಲ್ಲದಿದ್ರ ಇನ್ನೊಂದ್ ಏನರ ಹಿಡೀತಿದ್ರಂತ್ರಿ," ಎಂದಳು ಹುಡುಗಿ.

ಬದುಕಿದ್ದೇನೆಂದು ತೋರಿಸಲು ಏನು ಮಾಡಲಿಲ್ಲ ಆತ! ಮಹಡಿಯ ಮೇಲೆ ನಿಂತು ವಿಡಿಯೊ ಮಾಡಿದ. ಅಂದಿನ ಪೇಪರು ಕೈಯಲ್ಲಿ ಹಿಡಿದು ಇನ್ನೊಂದು ಮಾಡಿದ. ಅದು ಕನ್ನಡ ಪೇಪರು, ಯಾವ ದಿನದ್ದೆಂದು ಅಲ್ಲಿಯವರಿಗೆ ಹೇಗೆ ತಿಳಿಯಬೇಕು? ಅಲ್ಲಿ ಇಂಟರ್ನೆಟ್ಟಿನ ಕುತ್ತಿಗೆಯನ್ನೂ ಹಿಸುಕಿದ್ದರು. ಹೇಗೋ ನೋಡಿದವರಿಗೆ, ಈಗ ಕಂಪ್ಯೂಟರಿನಲ್ಲಿ ಸತ್ತವರನ್ನೂ ಮಾತಾಡಿಸುತ್ತಾರೆ, ನಂಬಬೇಡಿ ಎಂದು ಹೊಸ ಅಧ್ಯಕ್ಷ ಹೇಳಿಬಿಟ್ಟ.

ಆತ ಊರಿಗೆ ಹೊರಟು ನಿಂತ. ಮುಖ ತೋರಿಸಿ ಒಂದು ವಾರದಲ್ಲಿ ತಿರುಗಿ ಬರುತ್ತೇನೆ, ಅಷ್ಟರಲ್ಲಿ ಆಪರೇಷನ್ನಿನ ಒಪ್ಪಿಗೆಯೂ ಬಂದಿರುತ್ತದೆ ಎಂಬುದು ಆತನ ಲೆಕ್ಕ. ಡಾಕ್ಟರು ಸುತರಾಂ ಒಪ್ಪಲಿಲ್ಲ. ಮಗಳು ಎರಡು ದಿನ ಬಾಯಿಗೆ ನೀರು ಹಾಕಲಿಲ್ಲ. ಕೊನೆಗೆ ನಾನೇ ಮೆಟ್ಟಿಲು ಹತ್ತಿ ಹೋದೆ.

"ನಿಮ್ಮೂರಾಗ ಆ ಮಿಷನ್ ಐತೇನ್ರಿ?"

ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಒಂದಿದೆ ಎಂದ.

"ಯಾರ ಸರ್ಕಾರದ್ದು? ನಿಮ್ಮನ್ನ ಜೀವಂತ ಸಾಯಿಸಿದ್ರಲ್ಲ, ಅವರದಽ ಅಲ್ಲೇನು? ಹೋಗಿ ಅವರ ಕೈಯಾಗಽ ಕೈ ಕೊಟ್ಟು ಮಲಗ್ತೀರಿ? ಯಾವ ಸುಡಗಾಡ ಪಕ್ಷಾರೀ ಅದು! ಈ ಹುಡುಗಿ ಹೊಟ್ಟಿ ಕೊಯ್ಸಿಕೊಳ್ಳಾಕ ತಯಾರಾಗಿ ಕುಂತಾಳ, ಆಕಿ ಮಾರಿ ಒಮ್ಮೆ ನೋಡ್ರಿ!"

ಹುಡುಗಿ ಫ್ರೆಂಚಿನಲ್ಲಿ ಎಷ್ಟು ಹೇಳಿದಳೋ, ಎಷ್ಟು ನುಂಗಿದಳೋ. ಆತ ಮೆಲ್ಲಗೆ ಏನೋ ಅಂದ. ಅವಳು ನೆಲ ನೋಡುತ್ತ ಹೇಳಿದಳು: "ನನ್ನ ಸಲುವಾಗಿ ಜೈಲಿಗೆ ಹೋದವರು ಅದಾರ್ರಿ. ನಾ ಸತ್ತೆ ಅಂತ ತಿಳಕೊಂಡು ಅವರು ಈಗ ಆ ಮೋಸಗಾರನಿಗೆ ವೋಟ್ ಹಾಕ್ತಾರ. ಅದನ್ನ ಇಲ್ಲಿ ಕುಂತು ಹೆಂಗ ನೋಡಲಿ, ಅಂತಾನ್ರಿ."

ಸಿಟ್ಟಿನಲ್ಲೇ ಕೆಳಗೆ ಬಂದು ದಾರಿಗೆಂದು ಉಪ್ಪಿಲ್ಲದ ರೊಟ್ಟಿ ಬಡಿದುಕೊಟ್ಟೆ.

ರಾಜಧಾನಿಯ ವಿಮಾನ ನಿಲ್ದಾಣಕ್ಕೆ ಪಕ್ಷದ ದೊಡ್ಡವರು ಯಾರೂ ಬರಲಿಲ್ಲವಂತೆ. ಬಂದವರು ಸಂತೆಯ ಹೆಂಗಸರು, ಒಣಮೀನು ಮಾರುವ ಒಬ್ಬ ಮುದುಕಿಯ ಹಿಂದೆ, ಪಕ್ಷದ ಬಣ್ಣದ ಬಟ್ಟೆ ಉಟ್ಟುಕೊಂಡು. ಮುದುಕಿ ಆತನ ಗಲ್ಲ, ಗಡ್ಡ, ಕಿವಿ ಎಲ್ಲ ಮುಟ್ಟಿ ನೋಡಿದಳಂತೆ, ಆಮೇಲೆ ಕುಣಿದಳಂತೆ. ಆ ವಿಡಿಯೊ ನಾನೂ ನೋಡಿದೆ. ಆತನ ಮುಖ ಊದಿಕೊಂಡಿತ್ತು.

ಪಾಸ್‌ಪೋರ್ಟನ್ನು ಅಲ್ಲೇ ಕಿತ್ತುಕೊಂಡರು. ಸತ್ತವನ ಪಾಸ್‌ಪೋರ್ಟು ನಿನ್ನ ಕೈಗೆ ಹೇಗೆ ಬಂತು ಎಂದು ಕೇಳಿದರಂತೆ. ಆಸ್ಪತ್ರೆಗೆ ಹೋದರೆ ಮಿಷನ್ ಕೆಟ್ಟಿದೆ ಎಂದರು. ಮತ್ತೆ ಹೋದ, ಇನ್ನೂ ಕೆಟ್ಟಿತ್ತು. ಇಲ್ಲಿ ಆಪರೇಷನ್ನಿಗೆ ಒಪ್ಪಿಗೆ ಬಂತು. ಹುಡುಗಿ ಅದನ್ನು ಫೋನಿನಲ್ಲಿ ಹೇಳಿದಾಗ ಆತನಿಗೆ ಮಾತನಾಡಲು ಉಸಿರು ಸಾಲುತ್ತಿರಲಿಲ್ಲ. ಮಗಳ ಹೆಸರನ್ನಷ್ಟೇ ಕರೆದನಂತೆ.

ಕೊನೆಯ ಸುದ್ದಿ ಒಂದು ಮಧ್ಯಾಹ್ನ ಸೋದರತ್ತೆಯಿಂದ ಬಂತು. ಅಲ್ಲಿಯ ರೇಡಿಯೊ ತುಟಿ ಬಿಚ್ಚಲಿಲ್ಲ, ಅದರ ಪಾಲಿಗೆ ಆತ ಎಂದೋ ಸತ್ತವನು. ಅಣ್ಣನ ಪಕ್ಷದ ಜನಕ್ಕೆ ನೀನೇ ಹೇಳು, ನನಗೆ ಧೈರ್ಯವಿಲ್ಲ ಎಂದಳಂತೆ ಅತ್ತೆ. ಹುಡುಗಿ ನನ್ನ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತು ಒಬ್ಬೊಬ್ಬರಿಗೇ ಫೋನ್ ಹಚ್ಚಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ, ದನಿಯಲ್ಲಿ ನಡುಕವಿಲ್ಲ. ಯಾರೂ ನಂಬಲಿಲ್ಲ. ಮೊದಲೂ ಹೀಗೇ ಹೇಳಿದ್ದರು, ಆತ ನಡೆದುಕೊಂಡು ಬಂದ. ಈ ಸಲವೂ ಬರುತ್ತಾನೆ ಎಂದು ನಕ್ಕು ಫೋನ್ ಇಟ್ಟುಬಿಟ್ಟರು.

ಕೊನೆಗೆ ಆ ಒಣಮೀನಿನ ಮುದುಕಿ ಸಿಕ್ಕಳು. ಹಿಂದೆ ಸಂತೆಯ ಗದ್ದಲ. ಮುದುಕಿ ಗದರುತ್ತಿದ್ದಳು.

"ಏನಂತಾಳವಾ?"

"ಅಪ್ಪ ಸತ್ತ ಮಗಳು ಹಿಂಗ ಮಾತಾಡಂಗಿಲ್ಲ, ಯಾರೋ ನಿನ್ನ ಕಡಿಂದ ಹೇಳಸಾಕ ಹತ್ಯಾರ, ಅಂತಾಳ್ರಿ." ಹುಡುಗಿಯ ತುಟಿ ಒಣಗಿತ್ತು. "ನನಗ ಅಳು ಬರವಲ್ದು ಅಕ್ಕಾರ. ನಾ ಏನ್ ಮಾಡ್ಲಿ?"

ನನಗೆ ಅಲ್ಲಿಯತನಕ ಹಿಡಿದಿಟ್ಟದ್ದೆಲ್ಲ ಕಿತ್ತುಕೊಂಡು ಬಂತು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡ್ಯಾಡಿ ಅಳುತ್ತಾರೆ. ನನ್ನ ಗಂಡ ಹೋದಾಗಲೂ ನಾನು ಹಾಗೆ ಅತ್ತವಳಲ್ಲ, ಟೀಚರಲ್ಲವೇ, ಮರ್ಯಾದೆ. ಅವತ್ತು ಸೆರಗು ಬಾಯಿಗೂ ಹಚ್ಚಲಿಲ್ಲ. "ಹೋಗಬ್ಯಾಡ ಅಂದಿದ್ನೆಲ್ಲೋ ಯಪ್ಪಾ... ಮಗಳ ಹೊಟ್ಟಿ ಉರಿಸಿ ಹ್ವಾದ್ಯೆಲ್ಲೋ... ಇಸ್ತ್ರಿ ಅಂಗಿ ಹಾಕ್ಕೊಂಡು ಇನ್ ಯಾರು ಮೆಟ್ಟಲಾ ಇಳೀತಾರೋ..." ಎಂದು ನೆಲ ಬಡಿದು ಅತ್ತೆ. ಓಣಿಯ ಬಾಗಿಲುಗಳು ತೆರೆದವು.

ಫೋನಿನಲ್ಲಿ ಮುದುಕಿಯ ಗದರಿಕೆ ನಿಂತಿತು. ಆಮೇಲೆ ಅವಳು ಉದ್ದಕ್ಕೆ ಒಂದು ಕೂಗು ಹಾಕಿದಳು. ಆ ಕೂಗನ್ನು ಅವಳ ಬದಿಯಲ್ಲಿದ್ದವಳು ಎತ್ತಿಕೊಂಡಳು, ಅವಳಿಂದ ಇನ್ನೊಬ್ಬಳು.

"ಏನಂದ್ಲು?" ಎಂದೆ.

"ಈಗ ಸತ್ತ, ಅಂದ್ಲ್ರಿ," ಎಂದಳು ಹುಡುಗಿ, ಮತ್ತು ಅತ್ತಳು.