ನೋಡಿದವನಿಗೆ ಖುರ್ಚಿ

ಬೆಳಿಗ್ಗೆ ಚಹಾದ ಶುಂಠಿ ವಾಸನೆಯ ಜೊತೆಗೇ ಮುಂಬಯಿ ಮಲಾಡಿನ ನಮ್ಮ ಮನೆಯಲ್ಲಿ ಯಜಮಾನರ ಮೊಬೈಲ್ ಪ್ರವಚನವೂ ಶುರುವಾಗುತ್ತದೆ. ಇವತ್ತಿನದು ಮೆದುಳಿನ ವಿಷಯ.

"ಕೇಳು ಮಾರಾಯ್ತಿ, ಮುಖ ನೋಡಿ ಮನಸ್ಸು ತಿಳಿಯುವುದರಲ್ಲಿ, ಯಾರ ಕಣ್ಣು ಎಲ್ಲಿದೆ ಅಂತ ಹಿಡಿಯುವುದರಲ್ಲಿ ಹೆಂಗಸರ ಮೆದುಳೇ ಚುರುಕಂತೆ. ಹುಟ್ಟಿನಿಂದಲೇ ಬರುವುದಂತೆ!"

ಆ ಮೆದುಳನ್ನು ತಾವೇ ದಯಪಾಲಿಸಿದವರ ಹಾಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹೊಗಳಿದರೆ ಸಿಟ್ಟೇಕೆ ಅನ್ನುತ್ತೀರಾ? ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಹುಟ್ಟಿನಿಂದ ಬಂತೋ ಇಲ್ಲವೋ ನಾನರಿಯೆ. ಲೋಕಲ್ ರೈಲಿನಲ್ಲಿ ಲೇಡೀಸ್ ಡಬ್ಬಿಗೂ ಗಂಡಸರ ಡಬ್ಬಿಗೂ ನಡುವೆ ಜಾಲರಿ ಇರುತ್ತದಲ್ಲ, ಆಚೆಯ ಕಣ್ಣು ತಪ್ಪಿಸಲು ಅದಕ್ಕೆ ಬೆನ್ನು ಹಾಕಿ ಕೂರುವುದನ್ನು ಯಾರೂ ತಾಯಿಯ ಹೊಟ್ಟೆಯಲ್ಲೇ ಕಲಿತು ಬರುವುದಿಲ್ಲ.

ಬಾಂದ್ರಾದಲ್ಲಿ ಅಪ್ಪನದೊಂದು ಸಣ್ಣ ಉಡುಪಿ ಹೋಟೆಲ್ ಇತ್ತು. ಗಲ್ಲಾದಲ್ಲಿ ಅಮ್ಮ. ಶಾಲೆ ಬಿಟ್ಟ ಮೇಲೆ ಮೂಲೆಯ ಟೇಬಲ್ಲಿನಲ್ಲಿ ನನ್ನ ಓದು. ಚಾಳಿನ ನಮ್ಮ ಒಂದೇ ಕೋಣೆಯಲ್ಲಿ ಅಕ್ಕಪಕ್ಕದವರ ಟಿವಿ ಓದಲು ಬಿಡುತ್ತಿರಲಿಲ್ಲ. ದಿನಾ ಬರುವ ಒಬ್ಬ ಶೇಟ್ ಇಡ್ಲಿ ತಿನ್ನುತ್ತಾ ನನ್ನನ್ನೇ ನೋಡುತ್ತಿದ್ದ. ಪುಸ್ತಕದಿಂದ ತಲೆ ಎತ್ತದೆಯೂ ನನಗೆ ಗೊತ್ತಾಗುತ್ತಿತ್ತು. ಅಪ್ಪನಿಗೆ ಹೇಳಿದರೆ, "ನಿಂಗೆ ಭ್ರಮೆ. ಪಾಪ, ಹಳೇ ಗಿರಾಕಿ."

ಅಮ್ಮ ಭ್ರಮೆ ಅನ್ನಲಿಲ್ಲ. ಮರುದಿನ ಅವನನ್ನು ಕೈತೊಳೆಯುವ ಬೇಸಿನ್ನಿನ ಕನ್ನಡಿಗೆ ಎದುರಾಗಿ ಕೂರಿಸಿ, ಗಲ್ಲಾದಿಂದಲೇ ಕೂಗಿದಳು: "ಕ್ಯಾ ಶೇಟ್, ಆಜ್ ಕೈಸಾ ದಿಖ್ತಾ ಹೈ?" ಇವತ್ತು ಹೇಗೆ ಕಾಣುತ್ತದೆ ಅಂತ. ಇಡೀ ಹೋಟೆಲ್ ನಕ್ಕಿತು. ಅಪ್ಪ ಓಡಿ ಬಂದು, ಕ್ಷಮೆ ಕೇಳಿ, ಅವನನ್ನು ಮೊದಲಿನ ಜಾಗದಲ್ಲೇ ಕೂರಿಸಿದರು. ನನಗೆ ಹೇಳಿದ್ದು: "ನಾಳೆಯಿಂದ ನೀನು ಮನೆಯಲ್ಲೇ ಓದು."

ನೋಡಿದವನಿಗೆ ಖುರ್ಚಿ ಉಳಿಯಿತು, ನನಗೆ ಮೂಲೆಯೂ ಹೋಯಿತು. ಆ ವರ್ಷ ಗಣಿತದಲ್ಲಿ ಡುಮ್ಕಿ ಹೊಡೆದೆ. ಅದಕ್ಕೂ ನನ್ನ ಮೆದುಳೇ ಕಾರಣವೆಂದು ಮನೆಯಲ್ಲಿ ತೀರ್ಮಾನವಾಯಿತು.

ಇದೆಲ್ಲ ನೆನಪಾಗುತ್ತಿರುವಾಗ ಮಗಳು ತಟ್ಟೆಯಿಂದ ಮುಖ ಎತ್ತದೆ ಅಂದಳು: "ಪಪ್ಪಾ, ನನ್ಗೂ ಗೊತ್ತಾಗ್ತದೆ. ಟ್ಯೂಷನ್ ಕ್ಲಾಸ್‌ನ ಫಿಸಿಕ್ಸ್ ಸರ್ ಮುಝೇ ಹೀ ದೇಖ್ತೇ ಹೈಂ, ನನ್ನನ್ನೇ. ಲಾಸ್ಟ್ ವೀಕ್ ಹೇಳಿದ್ದೆ ನಾ? ನೀವು ಓವರ್‌ಥಿಂಕಿಂಗ್ ಅಂದ್ರಿ. ನಾನು ಲಾಸ್ಟ್ ಬೆಂಚಿಗೆ ಹೋದೆ."

ಯಜಮಾನರು ಮೊಬೈಲ್ ಕೆಳಗಿಟ್ಟರು. "ಹಾಗಾದ್ರೆ ಆ ಕ್ಲಾಸ್ ಬಿಡಿಸುವ. ಆನ್‌ಲೈನ್ ಏನಾದ್ರೂ..."

"ಬಿಡಬೇಕಾದ್ದು ಅವಳಲ್ಲ." ನನ್ನ ದನಿ ನನಗೇ ಜೋರೆನಿಸಿತು. "ಶರ್ಟ್ ಹಾಕಿ. ಕ್ಲಾಸಿನ ಮಾಲೀಕರ ಹತ್ತಿರ ಹೋಗುವ. ಮಾತಾಡುವುದು ನೀವು."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಗಂಡಸಿನ ಮೆದುಳಿಗೂ ಅಷ್ಟು ಓದಲು ಬಂತು ಕಾಣುತ್ತದೆ, ಎದ್ದು ಶರ್ಟ್ ಹುಡುಕತೊಡಗಿದರು.

"ನಾನು ಇವತ್ತು ಎಲ್ಲಿ ಕೂರ್ಲಿ, ಅಮ್ಮ?" ಮಗಳು ಕೇಳಿದಳು.

"ಮೊದಲ ಬೆಂಚಿನಲ್ಲಿ," ಅಂದೆ.